ಹಳೆಯ ಜೀಪು, ಹತ್ತಾರು ಕೈಗಳು

ಚನ್ನಗಿರಿಯ ಅಡಿಕೆ ತೋಟದ ಮನೆಯ ಹಿಂದೆಯೋ, ಜಗಳೂರಿನ ಕಡೆಯ ಕಣದ ಮಗ್ಗುಲಲ್ಲಿಯೋ, ತೆಂಗಿನ ಗರಿ ಹೊದ್ದು ನಿಂತ ಹಳೆಯ ಜೀಪೊಂದನ್ನು ನೀವು ಕಂಡಿರಬಹುದು. ಟೈರುಗಳು ನೆಲ ಕಚ್ಚಿರುತ್ತವೆ. ಬಾನೆಟ್ಟಿನ ಕೆಳಗೆ ಇಲಿಗಳ ಸಂಸಾರ. ತೂಕಕ್ಕೆ ಹಾಕಿದರೆ ಏನು ಬಂದೀತೆಂದು ಮನೆಯವರು ಲೆಕ್ಕ ಹಾಕುತ್ತಿರುತ್ತಾರೆ. ಅದನ್ನು ಮತ್ತೆ ಓಡಿಸಬೇಕೆಂಬ ಆಸೆ ನಿಮ್ಮಲ್ಲಿ ಹುಟ್ಟಿದರೆ ಅದು ಹುಚ್ಚಲ್ಲ. ಆದರೆ ಒಬ್ಬರಿಂದಲೇ ಆಗುವ ಕೆಲಸವೂ ಅಲ್ಲ. ಈ ಎರಡನೆಯ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ೧೯೪೧ರಿಂದ ೧೯೪೫ರ ಒಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದವು. ನಮಗೆ ಸ್ವಾತಂತ್ರ್ಯ ಬಂದ ದಿನಗಳಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪನ್ನು ಬಿಡಿಬಿಡಿಯಾಗಿ ತರಿಸಿ ಇಲ್ಲಿ ಜೋಡಿಸತೊಡಗಿತು. ಮುಂದೆ ಇಲ್ಲಿಯೇ ತಯಾರಿಸಿತು. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ, ಬ್ಲಾಕ್ ಆಫೀಸಿನ ಜೀಪು ಹಳ್ಳಿಗೆ ಸರ್ಕಾರದ ಮುಖವೇ ಆಯಿತು. ದಾರಿಯಿಲ್ಲದ ಊರಿಗೂ ಅದು ಹೋಗುತ್ತಿತ್ತು. ೧೯೫೩ರಲ್ಲಿ ಬಂದ ಸಿಜೆ-೩ಬಿ ಮಾದರಿಗೆ ಬಾನೆಟ್ಟು ಎತ್ತರ. ಒಳಗಿನ ಹೊಸ ಎಂಜಿನ್ನಿನಲ್ಲಿ ಒಳಸೇರುವ ವಾಲ್ವುಗಳನ್ನು ಮೇಲಕ್ಕೆ ಇಟ್ಟದ್ದೇ ಅದಕ್ಕೆ ಕಾರಣ. ನಮ್ಮ ದೇಶದಲ್ಲಿ ಈ ಎತ್ತರದ ಬಾನೆಟ್ಟಿನ ಜೀಪೇ ದಶಕಗಳ ಕಾಲ ಓಡಿತು.

ಸ್ಪ್ಯಾನರು ಹಿಡಿಯುವುದಕ್ಕೆ ಮೊದಲು ಕಾಗದ ಹಿಡಿಯಿರಿ. ಚಾಸಿ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ಪುಸ್ತಕದಲ್ಲಿರುವುದಕ್ಕೆ ಹೊಂದುತ್ತವೆಯೇ ನೋಡಿ. ನಮ್ಮ ಸೀಮೆಯಲ್ಲಿ ಇದಕ್ಕೊಂದು ವಿಶೇಷ ತೊಡಕುಂಟು. ದಾವಣಗೆರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಆದ್ದರಿಂದ ಹೊನ್ನಾಳಿಯ ಹಳೆಯ ಜೀಪಿನ ಮೇಲೆ ಶಿವಮೊಗ್ಗದ ಕೆಎ ೧೪, ಜಗಳೂರಿನದರ ಮೇಲೆ ಚಿತ್ರದುರ್ಗದ ಕೆಎ ೧೬ ಇರಬಹುದು. ಇನ್ನೂ ಹಳೆಯದಾದರೆ ಮೈಸೂರು ರಾಜ್ಯದ ಕಾಲದ ಸಂಖ್ಯೆ. ದಾಖಲೆಯನ್ನು ದಾವಣಗೆರೆಯಲ್ಲಷ್ಟೇ ಹುಡುಕಿ ಸಿಗಲಿಲ್ಲವೆಂದು ಕೈಬಿಡಬೇಡಿ.

ಇನ್ನು ಕೆಲಸ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಲು ಅವಸರಪಡಬೇಡಿ. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಸಿಲಿಂಡರುಗಳಿಗೆ ತುಸು ಎಣ್ಣೆ ಬಿಟ್ಟು, ಒಂದೆರಡು ದಿನ ಕಾಯಿರಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಿಂದಲೇ ಮೆಲ್ಲಗೆ ತಿರುಗಿಸಿ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿರಿ. ಎಂಜಿನ್ ಗುಡುಗಿತೆಂದು ಹಿಗ್ಗಿ ರಸ್ತೆಗೆ ಇಳಿಯುವಂತಿಲ್ಲ. ಓಡುವುದಕ್ಕೆ ಮೊದಲು ಜೀಪಿಗೆ ನಿಲ್ಲುವುದನ್ನು ಕಲಿಸಬೇಕು. ಈ ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಎಣ್ಣೆಯ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳು, ರಬ್ಬರುಗಳು, ಪೈಪುಗಳು ಇವನ್ನೆಲ್ಲ ನೋಡಿದ ಮೇಲೆಯೇ ಉಳಿದ ಮಾತು.

ಇಲ್ಲಿಂದ ಮುಂದೆಯೇ ಜೊತೆಗಾರರು ಬೇಕಾಗುವುದು. ಪುಸ್ತಕದಲ್ಲಿ ಓದಿ ಕಲಿಯುವುದು ಒಂದು. ಕೈಗೆ ಬಂದ ವಿದ್ಯೆ ಇನ್ನೊಂದು. ಒಂದೇ ಉದಾಹರಣೆ ಸಾಕು. ಹಳೆಯ ಅನೇಕ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳು ಲೋಕದ ಎಲ್ಲ ನಟ್ಟುಗಳಿಗೆ ವಿರುದ್ಧವಾಗಿ ಬಿಚ್ಚುತ್ತವೆ. ಇದು ತಿಳಿಯದವರು ಬಿಚ್ಚುತ್ತೇನೆಂದುಕೊಂಡು ಬಿಗಿಯುತ್ತಾ ಹೋಗುತ್ತಾರೆ. ಕೊನೆಗೆ ಬೋಲ್ಟೇ ತುಂಡಾಗುತ್ತದೆ. ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತ ಹಿರಿಯ ಮೇಸ್ತ್ರಿ, “ಏಯ್ ತಮ್ಮ, ಅದು ಉಲ್ಟಾ ಥ್ರೆಡ್ಡು ಕಣೋ, ಈ ಕಡೆ ತಿರುವು” ಎಂದುಬಿಟ್ಟರೆ ನಿಮಗೆ ಉಳಿಯುವುದು ಒಂದು ಬೋಲ್ಟು ಮಾತ್ರವಲ್ಲ, ಒಂದು ದಿನ. ಗೇರ್ ಬಾಕ್ಸಿನ ಸದ್ದನ್ನು ಕೇಳಿ ಯಾವ ಬೇರಿಂಗು ಹೋಗಿದೆಯೆಂದು ಹೇಳುವ ಕಿವಿ ಒಬ್ಬರದು. ತುಕ್ಕು ತಿಂದ ತಗಡನ್ನು ಕತ್ತರಿಸಿ, ಬಡಿದು, ಬೆಸೆಯುವ ಕೈ ಇನ್ನೊಬ್ಬರದು. ಕ್ಯಾನ್ವಾಸಿನ ಹೊದಿಕೆ ಹೊಲಿಯುವವರು ಮತ್ತೊಬ್ಬರು. ಚನ್ನಗಿರಿಯಲ್ಲಿ ಸಿಗದ ಕಾರ್ಬ್ಯುರೇಟರು ನ್ಯಾಮತಿಯ ಯಾರದೋ ಅಟ್ಟದ ಮೇಲಿರಬಹುದು. ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ದಾರಿಯಲ್ಲಿ ಒಂದು ಕವಲು ಬರುತ್ತದೆ. ಪೆಟ್ರೋಲ್ ಎಂಜಿನ್ನನ್ನು ತೆಗೆದು ಡೀಸೆಲ್ ಕೂರಿಸಿಬಿಡಿ, ಖರ್ಚು ಕಡಿಮೆ, ಎಂದು ಸಲಹೆ ಕೊಡುವವರಿದ್ದಾರೆ. ದಿನವೂ ದುಡಿಯುವ ಬಂಡಿಗೆ ಅದು ಹಿಂದೆ ತಕ್ಕ ಮಾತೇ ಆಗಿತ್ತು. ಈಗ ಎರಡು ಸಲ ಯೋಚಿಸಬೇಕು. ೨೦೨೧ರಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆ ಬೇರೆ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿರಬೇಕು. ಚಾಸಿ, ಬಾಡಿ, ಎಂಜಿನ್ನು ಮೂಲರೂಪದಲ್ಲಿ ಉಳಿದಿರಬೇಕು. ಅಂಥ ಬಂಡಿಗೆ ‘ವಿಎ’ ಎಂಬ ಗುರುತಿನ ಫಲಕ ಸಿಗುತ್ತದೆ. ಆದರೆ ಅದು ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ಹೊರಡಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ನಿಮಗೆ ಬೇಕಾದದ್ದು ತೋಟದ ಕೆಲಸದ ಜೀಪೋ, ಮೊಮ್ಮಕ್ಕಳಿಗೆ ತೋರಿಸುವ ಜೀಪೋ ಎಂಬುದನ್ನು ಮೊದಲು ಮನೆಯವರೊಡನೆ ಕೂತು ತೀರ್ಮಾನಿಸಿರಿ. ಎಂಜಿನ್ನು ಬದಲಾಯಿಸಿದ ಮೇಲೆ ತೀರ್ಮಾನಿಸಿ ಫಲವಿಲ್ಲ.

ಜೀಪು ಸಿದ್ಧವಾದ ಮೇಲೆ ಅದನ್ನು ನಡೆಸುವುದಕ್ಕೂ ಸಂಗಡಿಗರ ಪಾಠ ಬೇಕು. ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಲಿವರು ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಗೇರುಗಳು ಅದಕ್ಕೆ ಎಡೆಗೊಡದೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತವೆ. ಮಳೆ ಬಿದ್ದ ಎರೆಮಣ್ಣಿನಲ್ಲಿ ಟೈರೆಲ್ಲ ಮಣ್ಣುಂಡೆಯಾದಾಗ, ಎಕ್ಸಲರೇಟರು ತುಳಿದಷ್ಟೂ ಬಂಡಿ ಹೂಳುತ್ತದೆ. ಅಲ್ಲಿ ಬೇಕಾದದ್ದು ಲೋ ಗೇರು, ಒಂದು ಹಗ್ಗ, ಹಾಗೂ ಎಳೆಯಲು ಇನ್ನೊಂದು ಜೀಪು. ಕಾಡುದಾರಿಗೆ ಹೊರಟರೆ ಒಬ್ಬಂಟಿಯಾಗಿ ಹೋಗಬೇಡಿ.

ಹೋಗಬಾರದ ಜಾಗಗಳೂ ಉಂಟು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ನಾಲ್ಕು ಕೊಂಬಿನ ಕೊಂಡುಕುರಿಗೆ ಮೀಸಲಾದ ಅಭಯಧಾಮ. ಅದು ನಮ್ಮ ಆಟದ ಬಯಲಲ್ಲ. ಸೂಳೆಕೆರೆಯ ಅಂಗಳವೂ, ತುಂಗಭದ್ರೆಯ ಮರಳೂ, ಬಿತ್ತಿದ ಹೊಲವೂ ಹಾಗೆಯೇ. ಜೀಪು ಎಲ್ಲಿಗೂ ಹೋಗಬಲ್ಲದು ಎಂಬುದು ಅದರ ಗುಣ. ಎಲ್ಲಿಗೆ ಹೋಗಬಾರದೆಂದು ತಿಳಿಯುವುದು ಸವಾರನ ಗುಣ.

ಕೊನೆಯದಾಗಿ ಒಂದು ವಿನಂತಿ. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ೨೦೨೩ರ ಏಪ್ರಿಲ್‌ನಿಂದ ಮುಂದುವರಿಸುತ್ತಿಲ್ಲ. ಸೇನೆಯ ವಾಹನಗಳಂಥ ಕೆಲವನ್ನು ಬಿಟ್ಟರೆ ಅವು ಗುಜರಿಗೇ ಹೋಗಬೇಕು. ಕಚೇರಿಯ ಹರಾಜಿನಲ್ಲಿ ಹಳೆಯ ಜೀಪು ಕೊಂಡು ತಂದು ಓಡಿಸುವ ಕಾಲ ಹೀಗೆ ಮುಗಿಯಿತು. ಉಳಿದಿರುವುದು ನಮ್ಮ ನಿಮ್ಮ ಹಿತ್ತಲುಗಳಲ್ಲಿರುವವು ಮಾತ್ರ. ಬಿಡಿಭಾಗ ಹುಡುಕಿದರೆ ಸಿಕ್ಕೀತು, ಇಲ್ಲವಾದರೆ ಲೇತಿನಲ್ಲಿ ಕಡೆಸಿಯೂ ತಂದೇವು. ಆದರೆ ಆ ಹಿರಿಯ ಮೇಸ್ತ್ರಿಯ ಕಿವಿಯನ್ನು ಯಾವ ಲೇತಿನಲ್ಲಿ ಕಡೆಯೋಣ? ಆದ್ದರಿಂದ ಕೆಲಸ ಮಾಡಿಸುವಾಗ ಊರಿನ ಒಬ್ಬ ಹುಡುಗನನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನು ಬಿಚ್ಚಿದಿರಿ, ಹೇಗೆ ಜೋಡಿಸಿದಿರಿ, ಯಾರು ಏನು ಹೇಳಿಕೊಟ್ಟರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿಸಿ. ನಿಮ್ಮ ಜೀಪು ಹೊರಟ ದಿನ ಆ ಪುಸ್ತಕವನ್ನು ಮುಂದಿನ ಊರಿನ, ಮುಂದಿನ ಜೀಪಿನವರಿಗೆ ಕೊಡಿ. ನೀವು ಪಡೆದ ನೆರವಿನ ಸಾಲ ತೀರುವುದು ಆಗಲೇ.