ಮೀನುಮರಿಯ ಕುಲ ಕೇಳೋಣ
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸೊಸೈಟಿ ಹಬ್ಬದಲ್ಲಿ ಮೀನಿನ ಮಾತು ಯಾಕಪ್ಪಾ ಅಂತ ನೀವು ಕೇಳಬಹುದು. ಕಾರಣ ಇದೆ. ನಾವು ಕೆಲವರು ಕೂಡಿ ಹೊಂಡಕ್ಕೆ ಬಿಟ್ಟ ರೋಹು ಮರಿಗಳು ಹುಣ್ಣುರೋಗ ಬಂದು ಅರ್ಧಕ್ಕರ್ಧ ಸತ್ತವು. ಔಷಧಿ ಯಾವುದು ಅಂತ ಎಲ್ಲರೂ ಕೇಳಿದೆವು. ಮರಿಗಳ ತಂದೆ-ತಾಯಿ ಎಂಥವು ಅಂತ ಒಬ್ಬರೂ ಕೇಳಲಿಲ್ಲ.

ಆ ಪ್ರಶ್ನೆ ಕೇಳಿದವರು ನಾರ್ವೆ ದೇಶದವರು. ಅಲ್ಲಿ ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಸಾಲ್ಮನ್ ಮೀನು ಸಾಕುತ್ತಾರೆ. 1970ರ ದಶಕದಲ್ಲಿ ಸುಮಾರು 40 ನದಿಗಳ ಮೀನು ತಂದು, ಹಸುವಿನ ತಳಿಗೆ ಲೆಕ್ಕ ಇಡುವ ಹಾಗೆ ಕುಟುಂಬವಾರು ಲೆಕ್ಕ ಇಟ್ಟರು. ಮೊದಲು ಬೆಳವಣಿಗೆ ನೋಡಿದರು. 1990ರ ದಶಕದಲ್ಲಿ ರೋಗ ತಾಳುವ ಗುಣವನ್ನೂ ನೋಡತೊಡಗಿದರು.

ಅವರ ಕ್ರಮ ಹೀಗೆ. ಪ್ರತಿ ಕುಟುಂಬದ ಕೆಲವು ಮರಿಗಳಿಗೆ ಬೇರೆ ತೊಟ್ಟಿಯಲ್ಲಿ ಬೇಕೆಂದೇ ರೋಗ ತಗುಲಿಸುತ್ತಾರೆ. ಯಾವ ಕುಟುಂಬದಲ್ಲಿ ಹೆಚ್ಚು ಮರಿ ಉಳಿದವೋ, ಆ ಕುಟುಂಬದ ರೋಗ ಸೋಕದ ಒಡಹುಟ್ಟುಗಳನ್ನು ತಳಿಗೆ ಇಡುತ್ತಾರೆ. ತೊಟ್ಟಿಯಲ್ಲಿ ಉಳಿದವನ್ನೇ ಇಟ್ಟರೆ ರೋಗವೂ ಜೊತೆಗೇ ಬಂದೀತು!

ಐಪಿಎನ್ ಎಂಬ ವೈರಸ್ ರೋಗ ಸಾಲ್ಮನ್ ಮರಿಗಳನ್ನು ರಾಶಿರಾಶಿ ಕೊಲ್ಲುತ್ತಿತ್ತು. ಅದನ್ನು ತಾಳುವ ಗುಣದ ಬಹುಪಾಲು ವಂಶವಾಹಿಯ ಒಂದೇ ಜಾಗದಲ್ಲಿದೆ ಎಂದು 2008-09ರಲ್ಲಿ ಸ್ಕಾಟ್ಲೆಂಡ್, ನಾರ್ವೆ ಎರಡೂ ಕಡೆ ಕಂಡುಕೊಂಡರು. ಆ ಗುಣವಿದ್ದ ಮೀನಿನ ಮೊಟ್ಟೆ ರೈತರಿಗೆ ಸಿಕ್ಕಿತು. ನಾರ್ವೆಯಲ್ಲಿ 2009ರಲ್ಲಿ 200ಕ್ಕೂ ಹೆಚ್ಚು ಕಡೆ ಬಂದಿದ್ದ ರೋಗ 2014ಕ್ಕೆ 50ರ ಒಳಗೆ ಇಳಿಯಿತು.

ಗೆದ್ದೆವು ಅಂತ ಕೂರುವಂತಿಲ್ಲ. ಆಮೇಲೆ ವೈರಸ್ಸೂ ರೂಪ ಬದಲಿಸಿ, ತಾಳುವ ಮೀನಿಗೂ ತಗುಲಿತು. ತಳಿ ಆರಿಸುವುದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಪ್ರತಿ ತಲೆಮಾರಿಗೂ ಮಾಡಬೇಕು.

ಈ ವಿದ್ಯೆ ನಮ್ಮ ದೇಶಕ್ಕೂ ಬಂದಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು 1992ರಲ್ಲಿ ನಾರ್ವೆಯವರ ಜೊತೆ ಸೇರಿ ರೋಹು ತಳಿಯ ಕೆಲಸ ಶುರು ಮಾಡಿದರು. ಸ್ವಾತಂತ್ರ್ಯಕ್ಕೆ 50 ತುಂಬಿದ 1997ರಲ್ಲಿ ಬಂದ ತಳಿಗೆ ಜಯಂತಿ ರೋಹು ಎಂದೇ ಹೆಸರಿಟ್ಟರು. ಅದು ಬೇಗ ಬೆಳೆಯುವ ತಳಿ. ಹುಣ್ಣುರೋಗದ ಬ್ಯಾಕ್ಟೀರಿಯಾ ತಾಳುವ ರೋಹು ಕುಟುಂಬಗಳನ್ನು ಆರಿಸುವ ಕೆಲಸವನ್ನೂ ಅಲ್ಲಿ ಕೈಗೊಂಡರು.

ಬಂಧುಗಳೇ, ನಮ್ಮದು ಒಂದೇ ಬಿನ್ನಹ. ಮರಿ ಕೊಳ್ಳುವಾಗ ರೇಟಿನ ಜೊತೆ ತಳಿಯನ್ನೂ ಕೇಳೋಣ. ಯಾವ ಮರಿ ಎಲ್ಲಿಂದ ಬಂತು, ಎಷ್ಟು ಬಿಟ್ಟೆವು, ಎಷ್ಟು ಉಳಿದವು ಅಂತ ಸಂಘದಲ್ಲಿ ಒಂದು ಪುಸ್ತಕದಲ್ಲಿ ಬರೆದಿಡೋಣ. 25 ವರ್ಷ ಸಾಲದ ಲೆಕ್ಕ ತಪ್ಪದೆ ಬರೆದ ನಮಗೆ ಇದೇನು ಕಷ್ಟವಲ್ಲ.

 ಜೈ ಕಿಸಾನ್, ಜೈ ಸಹಕಾರ.