ವಿಶ್ವವಿದ್ಯಾಲಯದಲ್ಲಿ ನಮಗೂ ಕೆಲಸ ಉಂಟು
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಬೆಳಗಾದರೆ ಕುನ್ನತ್ತೂರಿಂದ ತಿರುಪ್ಪೂರಿಗೆ ಹೋಗುವ ಬಸ್ಸಲ್ಲಿ ನಮ್ಮ ಹುಡುಗರೇ. ಬನಿಯನ್ ಕಂಪನಿಗೆ ಹೋದರೆ ಶನಿವಾರ ಕೈಗೆ ಕೂಲಿ ಬರುತ್ತೆ. ಅದನ್ನ ತಪ್ಪು ಅನ್ನಲ್ಲ, ಮನೆ ನಡೀಬೇಕು. ಆದರೆ ಡಿಗ್ರಿ ಮುಗಿಸಿದವರೂ ಅದೇ ಬಸ್ಸು ಹತ್ತಬೇಕಾ? ಕೊಯಮತ್ತೂರಲ್ಲಿ 1971ರಿಂದ ಕೃಷಿ ವಿಶ್ವವಿದ್ಯಾಲಯ ಇದೆ. ಮರುದಮಲೆ ರಸ್ತೆಯಲ್ಲಿ 1982ರಿಂದ ಭಾರತಿಯಾರ್ ವಿಶ್ವವಿದ್ಯಾಲಯ ಇದೆ. ಇಂಥ ಕಡೆ ನಮ್ಮವರಿಗೆ ಕಸ ಗುಡಿಸುವ ಕೆಲಸ ಮಾತ್ರ ಅಂತ ಯಾರೂ ತಿಳೀಬೇಡಿ. ಒಳಗೆ ಹೋಗಲು ಮೂರು ದಾರಿ ಇವೆ.

ಒಂದು, ಪ್ರಾಜೆಕ್ಟ್ ಕೆಲಸ. ಸಂಶೋಧನೆಗೆ ಸಹಾಯಕರು ಬೇಕು ಅಂತ ಜಾಹೀರಾತು ಬರುತ್ತೆ, ಹೆಚ್ಚಾಗಿ ನೇರ ಸಂದರ್ಶನ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗೀತು. ಖಾಯಂ ಮಾಡಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಎರಡು, ಸಂಶೋಧನೆ. ಎಂ.ಎ., ಎಂ.ಕಾಂ. ಓದಿದವರು ನೆಟ್ ಪರೀಕ್ಷೆ ಬರೆಯಿರಿ. ಸಾಮಾನ್ಯ ವರ್ಗದವರಿಗೆ 55 ಪರ್ಸೆಂಟ್ ಬೇಕು, ನಮಗೆ 50 ಸಾಕು. ಜೆ.ಆರ್.ಎಫ್. ಸಿಕ್ಕಿದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಪರಿಶಿಷ್ಟ ಜಾತಿಯವರಿಗೇ ಅಂತ ರಾಷ್ಟ್ರೀಯ ಫೆಲೋಶಿಪ್ಪೂ ಬೇರೆ ಇದೆ. ಇದು ಯಾರೂ ಹಾಕುವ ಭಿಕ್ಷೆ ಅಲ್ಲ. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಗೆ ಹೋದದ್ದೂ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದಲೇ.

ಮೂರು, ಆಫೀಸು. ಜೂನಿಯರ್ ಅಸಿಸ್ಟೆಂಟ್, ಟೈಪಿಸ್ಟ್, ಲ್ಯಾಬ್ ಅಸಿಸ್ಟೆಂಟ್‌ನಿಂದ ಅಸಿಸ್ಟೆಂಟ್ ರಿಜಿಸ್ಟ್ರಾರ್ ತನಕ. ಟೈಪಿಸ್ಟ್ ಆಗಬೇಕಾದರೆ ಸರ್ಕಾರಿ ಟೈಪಿಂಗ್ ಪರೀಕ್ಷೆ ಪಾಸಾಗಿರಬೇಕು. ಜಾಹೀರಾತು ಬಂದ ಮೇಲೆ ಟೈಪಿಂಗ್ ಕಲಿಯಲು ಟೈಮ್ ಇರಲ್ಲ, ಈಗಲೇ ಸೇರಿ.

ಈಗ ಮುಖ್ಯ ಮಾತು. ತಮಿಳುನಾಡಲ್ಲಿ ಪರಿಶಿಷ್ಟ ಜಾತಿಗೆ 18 ಪರ್ಸೆಂಟ್. ಅದರೊಳಗೆ 3 ಪರ್ಸೆಂಟ್ ಅರುಂಧತಿಯರಿಗೆ ಅಂತ 2009ರಲ್ಲಿ ಕಾನೂನು ಬಂತು. ಅರುಂಧತಿಯರ್, ಚಕ್ಕಿಲಿಯನ್, ಮಾದಾರಿ, ಮಾದಿಗ, ಪಗಡೈ, ತೋಟಿ, ಆದಿ ಆಂಧ್ರ: ಏಳು ಹೆಸರೂ ಅದರಲ್ಲಿವೆ. ಇಂಥ ಒಳಮೀಸಲಾತಿ ಸರಿ ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟೂ ಹೇಳಿತು. ಮನೇಲಿ ಕನ್ನಡ, ಶಾಲೇಲಿ ತಮಿಳು, ಅರ್ಜಿಯಲ್ಲಿ ಇಂಗ್ಲಿಷ್. ಈ ಗಲಿಬಿಲಿಯಲ್ಲಿ ಎಸ್‌ಸಿ(ಎ) ಅನ್ನುವ ಕಡೆ ಬರೀ ಎಸ್‌ಸಿ ಅಂತ ತುಂಬಿಬಿಟ್ಟರೆ ನಮ್ಮ ಪಾಲು ನಾವೇ ಬಿಟ್ಟ ಹಾಗೆ. ಕೇಂದ್ರದ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಈ ಒಳಪಾಲು ಇಲ್ಲ, ಅಲ್ಲಿ ಎಸ್‌ಸಿ 15 ಪರ್ಸೆಂಟ್.

ತಾಲ್ಲೂಕು ಆಫೀಸಿಂದ ತಂದ ಜಾತಿ ಸರ್ಟಿಫಿಕೇಟಲ್ಲಿ ನಿಮ್ಮ ಹೆಸರು, ಅಪ್ಪನ ಹೆಸರು ಮಾರ್ಕ್ಸ್ ಕಾರ್ಡಲ್ಲಿ ಇದ್ದ ಹಾಗೇ ಇದೆಯಾ ಅಂತ ಇವತ್ತೇ ಮನೆಗೆ ಹೋಗಿ ನೋಡಿ. ಅಕ್ಷರ ತಪ್ಪಿದ್ದರೆ ಈಗಲೇ ತಿದ್ದಿಸಿ.

ಸಂಘಕ್ಕೆ ಒಂದು ಕೋರಿಕೆ. ಭಾನುವಾರ ಒಂದು ಗಂಟೆ ಎಲ್ಲರೂ ಕೂತು ಜಾಹೀರಾತು ಓದೋಣ, ಒಬ್ಬರ ಅರ್ಜಿಯನ್ನ ಇನ್ನೊಬ್ಬರು ನೋಡೋಣ. ಮೊದಲು ಒಳಗೆ ಹೋದವರು ಹಿಂದೆ ಬರುವವರಿಗೆ ದಾರಿ ಹೇಳಲಿ. ಅಮ್ಮಂದಿರೇ, ಓದುವ ಮಗಳಿಗೆ ಇನ್ನೆರಡು ವರ್ಷ ಟೈಮ್ ಕೊಡಿ.

ಜೈ ಭೀಮ್.