ನೋವಿಲ್ಲದ ಉಬ್ಬಿಗೆ ಆಪರೇಷನ್ ಏಕೆ?

ತೋಟದ ಪೈಪು ಬಿಸಿಲಿಗೆ ಸವೆದು ಒಂದು ಕಡೆ ಉಬ್ಬಿಕೊಂಡರೆ ಅದು ಒಡೆಯಲಿ ಅಂತ ಯಾರೂ ಕಾಯುವುದಿಲ್ಲ. ನೀರು ನಿಲ್ಲಿಸಿ, ಆ ತುಂಡು ಕೊಯ್ದು, ಹೊಸದನ್ನು ಜೋಡಿಸುತ್ತೀರಿ. ಹೃದಯದಿಂದ ಹೊರಡುವ ಮಹಾಪಧಮನಿಯ ವಿಷಯದಲ್ಲೂ ನನ್ನ ವಾದ ಇಷ್ಟೇ. ಮಾರ್ಫಾನ್ ಎಂಬ ವಂಶವಾಹಿ ಕಾಯಿಲೆಯಲ್ಲಿ ದೇಹದ ಅಂಗಾಂಶವನ್ನು ಬಿಗಿಹಿಡಿಯುವ ಫೈಬ್ರಿಲಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಸರಿಯಿರುವುದಿಲ್ಲ. ಹಾಗಾಗಿ ಈ ನಾಳ ಬುಡದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಗೋಡೆಯ ಮೇಲಿನ ಎಳೆತ ಏರುತ್ತದೆ. ನೋವು ಬರುವುದು ಹೆಚ್ಚಾಗಿ ಗೋಡೆ ಸೀಳಿದ ಮೇಲೆಯೇ.

ನೆಟ್ಟಗೆ ಓಡಾಡಿಕೊಂಡಿರುವವರ ಎದೆ ಏಕೆ ಕೊಯ್ಯಬೇಕು ಎಂಬ ಭಯ ಸಹಜವಾದದ್ದು. ಆದರೆ ಆಪರೇಷನ್ ಆದ 675 ಮಾರ್ಫಾನ್ ರೋಗಿಗಳ ಲೆಕ್ಕವೊಂದು 1999ರಲ್ಲಿ ಪ್ರಕಟವಾಯಿತು. ಮೊದಲೇ ದಿನ ಗೊತ್ತುಮಾಡಿ ಮಾಡಿಸಿಕೊಂಡವರಲ್ಲಿ 30 ದಿನದೊಳಗೆ ತೀರಿಕೊಂಡವರು ನೂರಕ್ಕೆ 1.5, ತೀರಾ ತುರ್ತಿನಲ್ಲಿ ಮಾಡಿಸಿಕೊಂಡವರಲ್ಲಿ 11.7. ಆಸ್ಪತ್ರೆ ಮುಟ್ಟುವ ಮೊದಲೇ ಹೋದವರು ಈ ಲೆಕ್ಕದಲ್ಲಿಲ್ಲ. ಆದ್ದರಿಂದಲೇ ಈ ಕಾಯಿಲೆಯಿಲ್ಲದವರಿಗೆ ಸಾಮಾನ್ಯವಾಗಿ ನಾಳದ ಅಗಲ 55 ಮಿಲಿಮೀಟರ್ ಆಗುವವರೆಗೆ ಕಾದರೂ ಮಾರ್ಫಾನ್ ಇರುವವರಿಗೆ 50ಕ್ಕೇ, ಮನೆಯಲ್ಲಿ ನಾಳ ಸೀಳಿ ಸತ್ತವರಿದ್ದರೆ 45ಕ್ಕೇ ಆಪರೇಷನ್ ಮಾತು ಎತ್ತುತ್ತಾರೆ. ಎದೆ ತೆರೆಯದೆ ಸ್ಟೆಂಟ್ ಹಾಕಬಾರದೇ ಎಂದರೆ, ಸ್ಟೆಂಟ್ ಅಂಟಿ ಕೂರಲು ಗಟ್ಟಿ ಗೋಡೆ ಬೇಕು. ಇಲ್ಲಿ ದುರ್ಬಲವಾಗಿರುವುದೇ ಗೋಡೆ. ಹಾಗಂತ ಎಲ್ಲ ಕಾಯಿಲೆಗೂ ಒಂದೇ ಅಳತೆಯಲ್ಲ. ಎಹ್ಲರ್ಸ್–ಡಾನ್ಲಸ್ ಕಾಯಿಲೆಯ ರಕ್ತನಾಳದ ಬಗೆಯಲ್ಲಿ ಹೊಲಿಗೆಯೇ ನಿಲ್ಲದಷ್ಟು ನಾಳ ಮೆತ್ತಗಿರುತ್ತದೆ, ಅಲ್ಲಿ ಅನಿವಾರ್ಯವಾದಾಗ ಮಾತ್ರ ಚಾಕು. ಕಾಯಿಲೆಯ ಹೆಸರು ಮೊದಲು ಖಚಿತವಾಗಬೇಕು ಅನ್ನುವುದು ಇದಕ್ಕೇ.

"ನಮ್ಮಲ್ಲಿ ಸೋದರ ಸಂಬಂಧದ ಮದುವೆಯೇ ಆಗಿಲ್ಲ" ಎಂಬ ಸಮಾಧಾನ ಇಲ್ಲಿ ನಡೆಯದು. ಮಾರ್ಫಾನ್ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ. ಸುಮಾರು ಕಾಲು ಭಾಗ ರೋಗಿಗಳಲ್ಲಿ ಅದು ಹೊಸದಾಗಿಯೇ ಹುಟ್ಟುತ್ತದೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಮುಷ್ಟಿ ಕಟ್ಟಿ ನೋಡಿ: ಅದರ ಉಗುರಿನ ಭಾಗ ಕಿರುಬೆರಳಿನ ಆಚೆ ಇಣುಕಿದರೆ, ಮನೆಯವರಲ್ಲಿ ತೀರಾ ಎತ್ತರದ ತೆಳ್ಳನೆಯ ಮೈಕಟ್ಟು, ಕಣ್ಣಿನ ಮಸೂರ ಜಾರಿದ್ದು, ಚಿಕ್ಕ ವಯಸ್ಸಿನ ಹಠಾತ್ ಸಾವು ಇದ್ದರೆ, ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿ. ಬೆರಳಿನ ಗುರುತೊಂದೇ ರೋಗವನ್ನು ಹೇಳದು. ಎಕೋ ಚೀಟಿಯಲ್ಲಿ ಮಹಾಪಧಮನಿಯ ಬುಡ ಎಷ್ಟು ಮಿಲಿಮೀಟರ್ ಎಂದು ಬರೆಸಿಕೊಂಡು, ಹಳೆಯ ಚೀಟಿ ಎಸೆಯದೆ, ಬೆಂಗಳೂರಿನ ಜಯದೇವ ಆಸ್ಪತ್ರೆಯಂಥ ಹೃದ್ರೋಗ ಕೇಂದ್ರಕ್ಕೆ ಹೋಗುವಾಗ ಎರಡನ್ನೂ ಒಯ್ಯಿರಿ; ಡಾಕ್ಟರು ಮೊದಲು ಕೇಳುವುದು ಅದು ಎಷ್ಟು ಬೆಳೆದಿದೆ ಎಂದೇ.